ಐದು ಫ್ಯಾನು, ಒಂದು ರಿಮೋಟು

“ಕೇಳಿದ್ಯೇನೇ? ನಿಮ್ಮಪ್ಪ ಕಂಪ್ಯೂಟರ್ ಎಕ್ಸ್‌ಪರ್ಟ್ ಅಂತೆ!”

ಅಮ್ಮ ಬಾಗಿಲು ತೆಗೆದವಳೇ ಹೀಗೆ ಕೂಗಿದಾಗ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

“ಯಾರ ಅಪ್ಪ?”

“ನಿಮ್ಮಪ್ಪನೇ ಕಣೇ! ಎದುರುಮನೆ ಪೀಟಿ ಮೇಷ್ಟ್ರು ಮೆಟ್ಟಿಲ ಹತ್ರ ನಿಲ್ಲಿಸ್ಕೊಂಡು ಕೈ ಮುಗಿದ್ರು. ‘ನಿಮ್ಮ ಯಜಮಾನ್ರು ಕಂಪ್ಯೂಟರ್ ಬಿಚ್ಚಿ ಕಟ್ತಾರಂತಲ್ಲಮ್ಮ, ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲ’ ಅಂದ್ರು. ನಂಗೇ ಗೊತ್ತಿದ್ರೆ ತಾನೇ ಬಾಯಿ ಬಿಡೋದು!”

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಎಂಥ ಮನುಷ್ಯನೆಂದರೆ, ಫೋನಿನ ಟಾರ್ಚು ತಾನಾಗಿ ಹತ್ತಿಕೊಂಡರೆ ಆರಿಸಲು ಬಾರದೆ, ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ನಾನು ಕಾಲೇಜಿನಿಂದ ಬರುವತನಕ ಎದೆಯಲ್ಲಿ ದೀಪ ಹೊತ್ತು ಕಾಯುವವನು.

ಮನೆಗೆ ಕಂಪ್ಯೂಟರ್ ಬಂದದ್ದು ನನ್ನ ಕೊನೇ ವರ್ಷದ ಪ್ರಾಜೆಕ್ಟಿಗೆ. ಕಟ್ಟಿದ್ದು ಅಂಗಡಿಯವನು. ಅಪ್ಪ ಅವನ ಪಕ್ಕದಲ್ಲಿ ಬಗ್ಗಿ ನಿಂತು ಉಸಿರು ಬಿಡುತ್ತಿದ್ದುದರಿಂದ ಅವನು ಬೇಸತ್ತು, “ತಗೊಳ್ಳಿ ಸಾರ್, ನೀವೂ ಎರಡು ಸ್ಕ್ರೂ ಹಾಕಿ” ಅಂತ ಸ್ಕ್ರೂಡ್ರೈವರ್ ಕೊಟ್ಟ. ಅಪ್ಪ ಹಾಕಿದ. ಅದರಲ್ಲಿ ಒಂದು ಈಗಲೂ ಪೆಟ್ಟಿಗೆಯೊಳಗೆ ಎಲ್ಲೋ ಓಡಾಡಿಕೊಂಡಿದೆ, ಅಲುಗಾಡಿಸಿದರೆ ಕೇಳಿಸುತ್ತದೆ.

ಅಪ್ಪನ ಇನ್ನೊಂದು ಕೊಡುಗೆ ಫ್ಯಾನುಗಳು. ಬರೀ ಫ್ಯಾನಲ್ಲ, ಬಣ್ಣಬಣ್ಣದ ಬೆಳಕಿನ ಐದು ಫ್ಯಾನು. ಐದರ ವೈರುಗಳೂ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿಗೆ ಹೋಗುತ್ತವೆ. ಆ ಡಬ್ಬಿ, ಬಿಸ್ಕತ್ತಿನಷ್ಟು ತೆಳುವಾದ ಒಂದು ರಿಮೋಟಿನ ಮಾತು ಕೇಳುತ್ತದೆ. ಒತ್ತಿದರೆ ಕೆಂಪು, ಒತ್ತಿದರೆ ನೀಲಿ, ಇನ್ನೊಮ್ಮೆ ಒತ್ತಿದರೆ ಎಲ್ಲಾ ಬಣ್ಣವೂ ಸುತ್ತಿಕೊಂಡು ನೋಡುವವರ ತಲೆ ಸುತ್ತುತ್ತದೆ.

“ಮುಂದಿನ ಮೂರು ಗಾಳಿ ಒಳಕ್ಕೆ ಎಳೀತವೆ ಸಾರ್, ಹಿಂದಿನ ಎರಡು ಬಿಸಿಗಾಳಿ ಹೊರಕ್ಕೆ ದಬ್ತವೆ” ಅಂದ ಅಂಗಡಿಯವನು.

“ಹೊರಕ್ಕೆ ಯಾಕ್ರೀ? ಸೆಖೆ ಅಂತ ಫ್ಯಾನ್ ಹಾಕ್ಕೊಂಡೋರು ಅದನ್ನ ಕಿಟಕಿ ಕಡೆ ತಿರುಗಿಸಿ ಬೀದಿಗೆ ಗಾಳಿ ಹಾಕ್ತಾರಾ? ಐದೂ ಒಳಕ್ಕೇ ಇರ್ಲಿ.”

ಅಂಗಡಿಯವನು ಒಂದು ಕ್ಷಣ ಅಪ್ಪನ ಮುಖ ನೋಡಿದ. ಗಿರಾಕಿ ಬಿಲ್ಲಿನ ದುಡ್ಡು ಕೊಟ್ಟಾಗಿತ್ತು. ಐದನ್ನೂ ಒಳಕ್ಕೇ ತಿರುಗಿಸಿದ. ಅಂದಿನಿಂದ ನಮ್ಮ ಮನೆಯ ಧೂಳೆಲ್ಲ ಆ ಪೆಟ್ಟಿಗೆಯ ಪಾಲು. ಗಾಳಿ ಹಿಂದಿನಿಂದಲೂ ಮುಂದಿನಿಂದಲೂ ಒಳಗೆ ನುಗ್ಗುತ್ತದೆ. ಹೊರಗೆ ಹೋಗಲು ದಾರಿ ಕಾಣದೆ ಗುರ್ರೆನ್ನುತ್ತದೆ.

ಇಷ್ಟೇ ಅಪ್ಪನ ಕಂಪ್ಯೂಟರ್ ಜ್ಞಾನ. ಅದು ಊರ ಬಾಯಿಗೆ ಬಿದ್ದದ್ದು ಹೇಗೆಂದರೆ, ಆಫೀಸಿನಿಂದ.

ಅಪ್ಪನ ಆಫೀಸಿನ ಟಪಾಲು ವಿಭಾಗದಲ್ಲಿ ಇದ್ದದ್ದು ಇಬ್ಬರು. ಬಂದ ಪತ್ರ ಪುಸ್ತಕದಲ್ಲಿ ಬರೆಯುವುದು ಅಪ್ಪ. ಅದಕ್ಕೆ ಸೀಲು ಹೊಡೆಯುವುದು ಇನ್ನೊಬ್ಬ ಗುಮಾಸ್ತ. ಆತ ಸೀಲು ಹೊಡೆದರೆ ಪಕ್ಕದ ಕೋಣೆಯಲ್ಲಿ ಟೀ ಲೋಟ ಅಲುಗುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಸೀಲಪ್ಪ. ನಮ್ಮದು ಆಫೀಸಿನ ಕ್ವಾರ್ಟರ್ಸು. ಎರಡನೇ ಮಹಡಿಯಲ್ಲಿ ಮ್ಯಾನೇಜರು, ಅವರ ಕೆಳಗೆ ಸರಿಯಾಗಿ ನಾವು, ನಮ್ಮ ಕೆಳಗೆ ಸೀಲಪ್ಪ. ಅಧಿಕಾರ ಮೇಲಿನಿಂದ ಕೆಳಕ್ಕೆ ಇಳಿಯುವಂತೆ ನೀರಿನ ಸೋರಿಕೆಯೂ ಅದೇ ಕ್ರಮದಲ್ಲಿ ಇಳಿಯುತ್ತಿತ್ತು.

ಹೋದ ವಾರ ಮ್ಯಾನೇಜರು ಇಬ್ಬರನ್ನೂ ಕರೆಸಿ, “ಮುಂದಿನ ತಿಂಗಳಿಂದ ಟಪಾಲೆಲ್ಲ ಕಂಪ್ಯೂಟರಲ್ಲೇ ಬರುತ್ತೆ ಕಣ್ರೀ. ಒಬ್ಬರು ಸಾಕು. ಕಂಪ್ಯೂಟರ್ ಗೊತ್ತಿರೋರು ಉಳ್ಕೋತಾರೆ. ಇನ್ನೊಬ್ಬರು ಮನೆಗೆ” ಅಂದರಂತೆ.

ಸೀಲಪ್ಪ ತನ್ನ ಸೀಲಿನ ಹಿಡಿ ನೋಡುತ್ತ ನಿಂತ. ಅಪ್ಪ ಮಾತ್ರ ಬಾಯಿ ತೆಗೆದ.

“ನಮ್ಮನೇಲಿರೋದು ನಾನೇ ಕಟ್ಟಿದ್ದು ಸಾರ್. ಐದು ಫ್ಯಾನು. ಎಲ್ಲಾ ರಿಮೋಟ್ ಕಂಟ್ರೋಲು.”

ಮ್ಯಾನೇಜರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಗೌರವ ಕೊಡುವುದು ಅವರ ದೊಡ್ಡಗುಣ. “ಹೌದೇನ್ರೀ? ಯಾವ ಅಂಗಡಿ?” ಅಂತ ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಟಪಾಲು ಗುಮಾಸ್ತನ ಮನೆಯಲ್ಲಿ ಐದು ಬಣ್ಣದ ಫ್ಯಾನಿದ್ದು ತಮ್ಮಲ್ಲಿ ಒಂದೂ ಇಲ್ಲದಿದ್ದರೆ ಹುದ್ದೆಗೆ ಶೋಭೆಯೇ? ಭಾನುವಾರ ಅದೇ ಅಂಗಡಿಯಿಂದ, ಅದೇ ಡಬ್ಬಿ, ಅದೇ ರಿಮೋಟು, ಆರು ಫ್ಯಾನು ತಂದು ಮನೆಯ ಕಂಪ್ಯೂಟರಿಗೆ ಹಾಕಿಸಿದರು. ಒಂದು ಜಾಸ್ತಿ.

ಸೋಮವಾರದಿಂದ ನಮ್ಮ ಪೆಟ್ಟಿಗೆಗೆ ಹುಚ್ಚು ಹಿಡಿಯಿತು.

ನಾನು ಟೈಪು ಮಾಡುತ್ತಿದ್ದೆ. ಫ್ಯಾನುಗಳು ತಣ್ಣಗೆ ನೀಲಿಯಲ್ಲಿದ್ದವು. ಇದ್ದಕ್ಕಿದ್ದಂತೆ ಐದೂ ಕೆಂಪಾದವು.

“ಅಪ್ಪಾ, ನೀನು ಒತ್ತಿದ್ಯಾ?”

ಅಪ್ಪ ಒತ್ತಿರಲಿಲ್ಲ. ರಿಮೋಟು ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಪದಕದ ಹಾಗೆ ಇತ್ತು. ಆದರೆ ಬಾಗಿಲಲ್ಲಿ ಪೀಟಿ ಮೇಷ್ಟ್ರು ನಿಂತಿದ್ದರು, ಎಕ್ಸ್‌ಪರ್ಟನ್ನು ನೋಡಲು.

“ನಾನೇ ಹಂಗೆ ಸೆಟ್ ಮಾಡಿದೀನಿ” ಅಂದ ಅಪ್ಪ. “ಕೆಲಸ ಜಾಸ್ತಿ ಆದ್ರೆ ಕೆಂಪಾಗುತ್ತೆ.”

“ಓಹೋ!” ಅಂದರು ಮೇಷ್ಟ್ರು.

ಪೆಟ್ಟಿಗೆ ಗುಲಾಬಿಯಾಯಿತು.

“ಗುಲಾಬಿ ಅಂದ್ರೆ?”

“ಗುಲಾಬಿ ಅಂದ್ರೆ... ಯೋಚನೆ ಮಾಡ್ತಿದೆ.”

“ಈಗ ಹಳದಿ ಆಯ್ತಲ್ಲ ಸಾರ್!”

“ಯೋಚನೆ ಬದಲಾಯಿಸ್ತು.”

ಮರುದಿನ ಮೇಷ್ಟ್ರು ಇನ್ನೂ ನಾಲ್ಕು ಜನರನ್ನು ಕರೆತಂದರು. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಬಣ್ಣಕ್ಕೊಂದು ಅರ್ಥ ಹೇಳಿದ. ಅಮ್ಮ ಕಾಫಿ ಮಾಡಿ ಮಾಡಿ ಸೋತು, “ಕಪ್ಪು ಬಣ್ಣ ಬಂದ್ರೆ ಹೇಳಿ, ಹಾಲು ಖಾಲಿ ಅಂತ ಅರ್ಥ” ಅಂದಳು.

ಬುಧವಾರ ಸಂಜೆ ಮೇಲಿನಿಂದ ಕರೆ ಬಂತು. ಅಪ್ಪ ಸ್ಕ್ರೂಡ್ರೈವರ್ ತೆಗೆದು, ಅದನ್ನು ಹೊರಲು ಎಂಬಂತೆ ನನ್ನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದ.

ಮ್ಯಾನೇಜರು ಬಾಗಿಲು ಹಾಕಿ ಚಿಲಕ ಹಾಕಿಕೊಂಡರು. ಅವರ ಹಣೆಯಲ್ಲಿ ಬೆವರಿತ್ತು. “ನೋಡ್ರೀ, ಯಾರಿಗೂ ಹೇಳ್ಬೇಡಿ. ನನ್ನ ಕಂಪ್ಯೂಟರ್ ಒಳಗೆ ಯಾರೋ ಸೇರ್ಕೊಂಡಿದಾರೆ. ನಾನು ನೀಲಿ ಇಟ್ರೆ ಅವರು ಹಸಿರು ಮಾಡ್ತಾರೆ. ನಾನು ಹಸಿರು ಇಟ್ರೆ ಕೆಂಪು. ನನ್ನ ಜೊತೆ ಜಗಳಕ್ಕೇ ಬರ್ತಿದಾರೆ!”

ಅಪ್ಪ ಗಂಭೀರವಾಗಿ ಬಗ್ಗಿದ. ಎದೆ ಮೇಜಿನ ಅಂಚಿಗೆ ತಾಗಿತು. ಆರೂ ಫ್ಯಾನು ಕೆಂಪಾದವು.

“ಅಯ್ಯಯ್ಯೋ!” ಅಂದರು ಮ್ಯಾನೇಜರ ಹೆಂಡತಿ. “ನಿಮ್ಮನ್ನ ಕಂಡ ತಕ್ಷಣ ಸಿಟ್ಟು ಬಂತು ನೋಡಿ ಅದಕ್ಕೆ! ಗುರುತು ಹಿಡೀತು!”

ಅಪ್ಪ ಹಿಂದೆ ಸರಿದ. ಮತ್ತೆ ಬಗ್ಗಿದ. ಹಸಿರು. ಎದೆ ಕೆರೆದುಕೊಂಡ. ನೇರಳೆ. ಅಪ್ಪನಿಗೆ ಸ್ವತಃ ಭಯವಾಯಿತು. ಆದರೆ ಹೆಸರಿಗೆ ಎಕ್ಸ್‌ಪರ್ಟು. ಏನಾದರೂ ಅನ್ನಲೇಬೇಕಿತ್ತು.

“ಒಳಗೆ ಯಾರೋ ಇದಾರೆ ಸಾರ್.”

“ನಾನು ಹೇಳಿದ್ದೇ ಅದು! ಎಲ್ಲಿಂದ?”

ಅಪ್ಪ ಕಣ್ಣು ಮುಚ್ಚಿ ಫ್ಯಾನಿನ ಸದ್ದು ಕೇಳಿಸಿಕೊಂಡ. “ದೂರದೋರಲ್ಲ. ಹತ್ತಿರದೋರೇ.”

ಮ್ಯಾನೇಜರು ಧ್ವನಿ ತಗ್ಗಿಸಿದರು. “ಪಟ್ಟಿ ಇದರಲ್ಲೇ ಇರೋದು ಕಣ್ರೀ. ಯಾರು ಉಳೀತಾರೆ, ಯಾರು ಮನೆಗೆ ಅನ್ನೋ ಪಟ್ಟಿ. ನೀವು ಉಳ್ಕೊಂಡಿದೀರಿ. ಸೀಲಪ್ಪ ಹೋಗ್ತಾನೆ. ಇನ್ನೂ ಯಾರಿಗೂ ಗೊತ್ತಿಲ್ಲ. ಈ ಪಟ್ಟಿ ಕದ್ದು ನೋಡಿದ್ರೆ ಲಾಭ ಯಾರಿಗೆ?”

ಅವರು ಕಿಟಕಿಯಿಂದ ಕೆಳಗೆ ನೋಡಿದರು. ಅಪ್ಪನೂ ನೋಡಿದ. ಸೀಲಪ್ಪ ಹೆಂಡತಿಯ ಜೊತೆ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದ. ಒದ್ದೆ ಅಂಗಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಸೀಲು ಹೊಡೆದಂತೆ ರಪ್ಪನೆ ಕೊಡವಿದ.

“ಅವನೇ ಅಂತೀರಾ?”

ಅಪ್ಪ ಏನೂ ಅನ್ನಲಿಲ್ಲ. ಎಕ್ಸ್‌ಪರ್ಟ್ ಸುಮ್ಮನಿದ್ದರೆ ಅದು ವರದಿ. ಮ್ಯಾನೇಜರು ತಲೆಯಾಡಿಸಿ ಪೆನ್ನು ತೆಗೆದರು.

ಮೆಟ್ಟಿಲಿಳಿಯುವಾಗ ನಾನು ಅಪ್ಪನ ಜೇಬಿಗೆ ಕೈಹಾಕಿ ರಿಮೋಟು ತೆಗೆದೆ. ಎದೆ ಕೆರೆದುಕೊಂಡಾಗ ನೇರಳೆ ಬಂದದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ತಿರುವಿನಲ್ಲಿ ನಿಂತು ಒಂದು ಬಟನ್ ಒತ್ತಿದೆ.

ಮೇಲಿನಿಂದ ಮ್ಯಾನೇಜರ ಹೆಂಡತಿಯ ಕೂಗು ಕೇಳಿಸಿತು. “ರೀ! ಹಸಿರಾಯ್ತು!”

ಇನ್ನೊಮ್ಮೆ ಒತ್ತಿದೆ.

“ರೀ! ಕೆಂಪಾಯ್ತು! ಬನ್ರೀ ಬೇಗ!”

ಅಪ್ಪ ಮೆಟ್ಟಿಲ ಮೇಲೆ ಕುಳಿತ.

“ಅಪ್ಪಾ, ಈ ಡಬ್ಬಿಗಳಿಗೆಲ್ಲ ಒಂದೇ ರಿಮೋಟು. ನಂದು, ನಿಂದು ಅಂತ ಅದಕ್ಕೆ ಗೊತ್ತಾಗಲ್ಲ. ಅವರು ಒತ್ತಿದ್ರೆ ನಮ್ಮದು ಬದಲಾಗುತ್ತೆ, ನಾವು ಒತ್ತಿದ್ರೆ ಅವರದ್ದು. ಒಳಗೆ ಯಾರೂ ಇಲ್ಲ. ನಿನ್ನ ಜೇಬೇ ಇರೋದು.”

ಅಪ್ಪ ರಿಮೋಟನ್ನೇ ನೋಡಿದ. ಆಮೇಲೆ ಅಂದ, “ಯಾರಿಗೂ ಹೇಳ್ಬೇಡ.”

ಗುರುವಾರ ಹನ್ನೊಂದು ಗಂಟೆಗೆ ಸೀಲಪ್ಪನಿಗೆ ಮೆಮೊ ಬಂತು. ಮನೆಗೆ ಕಳಿಸುವವರ ಪಟ್ಟಿಯಲ್ಲಿ ತನ್ನ ಹೆಸರಿದ್ದದ್ದನ್ನು ಕದ್ದು ನೋಡಿ, ಆಫೀಸಿನ ರಹಸ್ಯಕ್ಕೆ ಕನ್ನ ಹಾಕಿದ ಆರೋಪ. ಉತ್ತರ ಸಮಾಧಾನ ತರದಿದ್ದರೆ ಬರಿಗೈಯಲ್ಲಿ ವಜಾ, ಜೊತೆಗೆ ಪೊಲೀಸು. ನಕಲು ಪ್ರತಿ ಮುಖ್ಯ ಕಚೇರಿಗೆ. ಟಪಾಲು ವಿಭಾಗದ ನಿಯಮದ ಪ್ರಕಾರ ಆ ಮೆಮೊವನ್ನು ಪುಸ್ತಕದಲ್ಲಿ ಬರೆದದ್ದು ಅಪ್ಪ. ಸೀಲು ಹೊಡೆದದ್ದು ಸೀಲಪ್ಪನೇ. ಅಂದು ಟೀ ಲೋಟ ಅಲುಗಲಿಲ್ಲವಂತೆ.

ಸಂಜೆಯೊಳಗೆ ಕ್ವಾರ್ಟರ್ಸೆಲ್ಲ ಸುದ್ದಿ. ಪೀಟಿ ಮೇಷ್ಟ್ರು ಸೀಲಪ್ಪ ಎದುರಾದ ಕೂಡಲೇ ಫೋನನ್ನು ಬನಿಯನ್ನಿನೊಳಗೆ ಇಳಿಸಿಕೊಂಡರು. ಪಕ್ಕದ ಬ್ಲಾಕಿನವರು ಟೀವಿಗೆ ಬೆಡ್‌ಶೀಟು ಹೊದಿಸಿದರು. ಹಾಲಿನವಳು, “ಇಷ್ಟು ದಿನ ಎಷ್ಟು ಸಭ್ಯವಾಗಿ ನಟಿಸಿದ್ದ ನೋಡಿ, ಚಿಲ್ಲರೆ ಕೂಡ ಸರಿಯಾಗಿ ಕೊಡ್ತಿದ್ದ” ಅಂದಳು. ಅದೂ ಅವನ ಮೇಲೆ ಒಂದು ಸಾಕ್ಷ್ಯವಾಯಿತು.

ಸೀಲಪ್ಪ ನಮ್ಮ ಮನೆಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅಣ್ಣಾ, ನೀವೇ ಯೋಚನೆ ಮಾಡಿ. ನಂಗೆ ಅದನ್ನ ಆನ್ ಮಾಡೋಕೇ ಬರಲ್ಲ. ಕಳ್ಳತನ ಮಾಡೋಷ್ಟು ಕಂಪ್ಯೂಟರ್ ಬಂದಿದ್ರೆ ನಾನ್ಯಾಕಣ್ಣ ಮನೆಗೆ ಹೋಗೋ ಪಟ್ಟೀಲಿರ್ತಿದ್ದೆ? ನೀವು ತಿಳಿದೋರು. ನಾಲ್ಕು ಮಾತು ಸಾಹೇಬ್ರಿಗೆ ಹೇಳಿ. ಕೆಲಸ ಹೋದ್ರೆ ಹೋಗ್ಲಿ, ಕಳ್ಳ ಅನ್ನೋದು ಬೇಡ.”

ಅವನು ಮಾತಾಡುತ್ತಿರುವಾಗ ಮೇಲೆ ಯಾರೋ ಬಟನ್ ಒತ್ತಿರಬೇಕು. ಮೂಲೆಯಲ್ಲಿ ನಮ್ಮ ಪೆಟ್ಟಿಗೆ ಹಸಿರಾಯಿತು, ನೀಲಿಯಾಯಿತು.

“ಅದು ಏನಂತಿದೆ ಅಣ್ಣಾ?” ಸೀಲಪ್ಪ ಭಕ್ತಿಯಿಂದ ಕೇಳಿದ.

ಅಪ್ಪ ಪೆಟ್ಟಿಗೆಯಿಂದ ಮುಖ ತಿರುಗಿಸಿಕೊಂಡ. ಅಮ್ಮ ಕಾಫಿ ತಂದು ಸೀಲಪ್ಪನಿಗೆ ಕೊಟ್ಟಳು. ಅಪ್ಪನಿಗೆ ಕೊಡಲಿಲ್ಲ. ಮೆಟ್ಟಿಲ ಮೇಲಿನ ಸಂಗತಿಯನ್ನು ನಾನು ಅವಳೊಬ್ಬಳಿಗೆ ಹೇಳಿದ್ದೆ. “ಯಾರಿಗೂ” ಅನ್ನುವುದರಲ್ಲಿ ಅಮ್ಮ ಸೇರುವುದಿಲ್ಲವಲ್ಲ.

ಸೀಲಪ್ಪ ಹೋದ ಮೇಲೆ ಅವಳು ಲೋಟ ಎತ್ತಿಕೊಳ್ಳುತ್ತ ಅಂದಳು, “ನೀವು ಬೆಳಿಗ್ಗೆ ಆಫೀಸಿಗೆ ಹೋಗಿಬಿಡ್ತೀರಿ. ದಿನಾ ಬಟ್ಟೆ ಹಗ್ಗದ ಹತ್ರ ಅವನ ಹೆಂಡ್ತಿ ಮುಖ ನೋಡ್ಬೇಕಾದೋಳು ನಾನು.”

ಅಪ್ಪ ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ರಿಮೋಟನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ. ನಾನೂ ಹಿಂದೆಯೇ ಓಡಿದೆ. ಅಪ್ಪ ಬೆನ್ನು ಇಷ್ಟು ನೆಟ್ಟಗೆ ಮಾಡಿಕೊಂಡು ನಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಯದೂ ಅದೇ ಇರಬೇಕು.

“ಸಾರ್, ನೋಡಿ” ಅಂದ ಅಪ್ಪ. ಒತ್ತಿದ. ಆರೂ ಫ್ಯಾನು ಕೆಂಪು. ಒತ್ತಿದ. ನೀಲಿ. “ನಾನೇ ಸಾರ್. ಅವತ್ತೂ ನನ್ನ ಜೇಬಲ್ಲಿ ಇದೇ ಇತ್ತು. ಒಳಗೆ ಯಾರೂ ಬಂದಿಲ್ಲ. ಸೀಲಪ್ಪನ ತಪ್ಪು ಏನೂ ಇಲ್ಲ.”

ಮ್ಯಾನೇಜರು ಫ್ಯಾನು ನೋಡಿದರು. ರಿಮೋಟು ನೋಡಿದರು. ಮೇಜಿನ ಮೇಲಿದ್ದ, ಮುಖ್ಯ ಕಚೇರಿಗೆ ಬರೆದ ಪತ್ರದ ನಕಲು ನೋಡಿದರು. ಅದರಲ್ಲಿ ‘ಗಂಭೀರ ಒಳನುಸುಳುವಿಕೆ’ ಎಂದಿತ್ತು. ‘ನನ್ನ ಸಮಯಪ್ರಜ್ಞೆಯಿಂದ ಪತ್ತೆಯಾಗಿದೆ’ ಎಂದೂ ಇತ್ತು. ಆ ಪತ್ರವನ್ನು ಟಪಾಲಿಗೆ ಹಾಕಿದ್ದು ಅಪ್ಪನೇ.

“ಹಂಗಾದ್ರೆ ನೀವೇ” ಅಂದರು ಮ್ಯಾನೇಜರು.

“ಹೌದು ಸಾರ್, ನಾನೇ ಒತ್ತಿದ್ದು.”

“ನನ್ನ ಕಂಪ್ಯೂಟರ್ ಒಳಗೆ ಬಂದಿದ್ದು ನೀವೇ.”

“ಇಲ್ಲ ಸಾರ್, ಬರೀ ಬಣ್ಣ...”

“ಬಣ್ಣ ಬದಲಾಯಿಸೋಕೆ ಒಳಗೆ ಬಂದೋರು ಪಟ್ಟಿ ನೋಡ್ದೆ ವಾಪಸ್ ಹೋಗ್ತೀರಾ? ‘ಒಳಗೆ ಯಾರೋ ಇದಾರೆ, ಹತ್ತಿರದೋರೇ’ ಅಂದೋರು ಯಾರ್ರೀ? ನಾನಾ?”

ನಾನು ನಡುವೆ ಬಾಯಿ ಹಾಕಿದೆ. “ಅಂಕಲ್, ನಿಮ್ಮ ರಿಮೋಟಿಂದಾನೂ ನಮ್ಮನೇದು ಬದಲಾಗುತ್ತೆ. ಬೇಕಾದ್ರೆ ಒತ್ತಿ, ನಾನು ಕೆಳಗಿಂದ ಕೂಗ್ತೀನಿ.”

“ನಾನು ಮ್ಯಾನೇಜರು ಕಣಮ್ಮ. ನಾನ್ಯಾಕೆ ನಿಮ್ಮನೆ ಒಳಗೆ ಬರ್ಲಿ?”

ಈ ತರ್ಕಕ್ಕೆ ನಮ್ಮ ಕಾಲೇಜಿನಲ್ಲಿ ಯಾವ ವಿಷಯದಲ್ಲೂ ಉತ್ತರ ಕಲಿಸಿಲ್ಲ.

ಕಡೆಗೆ ಅಪ್ಪ, ಇಷ್ಟು ದಿನ ಯಾರಿಗೂ ಹೇಳದ ನಿಜ ಹೇಳಿಬಿಟ್ಟ. “ಸಾರ್, ನಂಗೆ ಕಂಪ್ಯೂಟರೇ ಬರಲ್ಲ! ನಾನು ಹಾಕಿದ್ದು ಎರಡೇ ಸ್ಕ್ರೂ. ಅದ್ರಲ್ಲೂ ಒಂದು ಬಿದ್ದೋಯ್ತು!”

“ಬರಲ್ವಾ?” ಮ್ಯಾನೇಜರು ನಿಧಾನವಾಗಿ ಕುಳಿತರು. ಅವರ ಮುಖದಲ್ಲಿ ಮೊದಲ ಸಲ ನೆಮ್ಮದಿ ಕಂಡಿತು. “ಬರಲ್ಲ ಅಂದ್ಮೇಲೆ ನಿಮ್ಮನ್ನ ಕೆಲಸದಲ್ಲಿ ಉಳಿಸ್ಕೊಂಡಿದ್ದು ಯಾಕೆ? ನೋಡ್ರೀ, ಬರುತ್ತೆ ಅಂದ್ರೆ ನೀವು ಕಳ್ಳ. ಬರಲ್ಲ ಅಂದ್ರೆ ದಂಡಪಿಂಡ. ಎರಡರಲ್ಲಿ ಯಾವುದು ಅಂತ ನಾಳೆ ವಿಚಾರಣೇಲಿ ಹೇಳಿ. ಅವಸರ ಇಲ್ಲ.”

ನಾವು ಇಳಿದು ಬಂದೆವು. ಅಮ್ಮ ಅಪ್ಪನ ಮುಂದೆ ಕಾಫಿ ಇಟ್ಟಳು. ಅಪ್ಪ ಅದನ್ನು ನೋಡುತ್ತಿದ್ದ, ಕುಡಿಯಲಿಲ್ಲ.

ಒಂದು ಗಂಟೆಯ ಮೇಲೆ ಮತ್ತೆ ಬಾಗಿಲು ಬಡಿದ ಸದ್ದು. ಸೀಲಪ್ಪ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಮೆಮೊ, ಕಂಕುಳಲ್ಲಿ ಫೈಲು. ಮೆಮೊ ಅಪ್ಪನ ಹೆಸರಿಗೆ ಇತ್ತು. ಮೂರು ಸೀಲು, ಮೂರೂ ನೆಟ್ಟಗೆ, ಮಸಿ ಎಲ್ಲೂ ಹರಡಿರಲಿಲ್ಲ. ಅಷ್ಟು ಚೆಂದವಾಗಿ ಅವನು ಯಾವತ್ತೂ ಹೊಡೆದದ್ದಿಲ್ಲ.

“ಅಣ್ಣಾ, ನಂಗೋಸ್ಕರ ಹೇಳಿದ್ರಂತೆ” ಅಂದ. ಕಣ್ಣಲ್ಲಿ ನೀರಿತ್ತು. “ಈ ಉಪಕಾರ ಸಾಯೋವರ್ಗೂ ಮರೆಯಲ್ಲ.”

“ಇರ್ಲಿ ಬಿಡಪ್ಪ.”

“ಇನ್ನೊಂದು ವಿಷ್ಯ ಅಣ್ಣಾ.” ಅವನು ಕಂಕುಳಿನ ಫೈಲನ್ನು ಕೈಗೆ ತೆಗೆದುಕೊಂಡ. “ನಾಳೆ ವಿಚಾರಣೆಗೆ ಕಂಪ್ಯೂಟರ್ ತಿಳಿದೋರು ಒಬ್ಬರು ಬೇಕಂತೆ. ವಿಭಾಗದಲ್ಲಿ ಉಳಿದಿರೋದು ನಾನೊಬ್ಬನೇ. ನನ್ನೇ ಹಾಕಿದಾರೆ. ಬೇಡ ಅಂದ್ರೆ ನನ್ನ ಮೆಮೊ ಮತ್ತೆ ಹೊರಗೆ ತೆಗೀತೀನಿ ಅಂದ್ರು ಸಾಹೇಬ್ರು.”

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ನಿಮ್ಮನ್ನ ಪ್ರಶ್ನೆ ಕೇಳ್ಬೇಕಂತೆ ಅಣ್ಣಾ. ನಂಗೆ ಏನು ಕೇಳ್ಬೇಕು ಅಂತಾನೇ ಗೊತ್ತಿಲ್ಲ. ಬೇರೆ ಯಾರನ್ನ ಕೇಳ್ಲಿ? ಇಡೀ ಕ್ವಾರ್ಟರ್ಸಲ್ಲಿ ತಿಳಿದೋರು ಅಂದ್ರೆ ನೀವೊಬ್ಬರೇ.”

ಅಪ್ಪ ನನ್ನ ಕಡೆ ತಿರುಗಿ, “ಒಂದು ಹಾಳೆ ಕೊಡು” ಅಂದ.

ಕೊಟ್ಟೆ. ಸೀಲಪ್ಪ ನೆಲದ ಮೇಲೆ ಕುಳಿತು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡ.

“ಬರ್ಕೋ. ಒಂದು. ರಿಮೋಟು ಯಾರ ಜೇಬಲ್ಲಿತ್ತು? ಎರಡು. ಇನ್ನೊಬ್ಬರ ಮನೆ ಫ್ಯಾನು ಬದಲಾಗುತ್ತೆ ಅಂತ ಗೊತ್ತಾದ ಮೇಲೂ ಒಂದು ದಿನ ಯಾಕೆ ಸುಮ್ಮನಿದ್ರಿ?”

“ಇದು ಜೋರಾಯ್ತಲ್ಲ ಅಣ್ಣಾ.”

“ಇರ್ಲಿ. ಇಲ್ಲಾಂದ್ರೆ ನಿಂಗೆ ಕಂಪ್ಯೂಟರ್ ಬರಲ್ಲ ಅಂತ ಗೊತ್ತಾಗಿಬಿಡುತ್ತೆ. ಮೂರು. ಎರಡು ಫ್ಯಾನು ಹೊರಕ್ಕೆ ಗಾಳಿ ಬಿಡ್ಬೇಕಿದ್ರೂ ಐದನ್ನೂ ಒಳಕ್ಕೇ ಯಾಕೆ ತಿರುಗಿಸಿದ್ರಿ?”

“ಯಾಕಣ್ಣಾ?”

“ಅದನ್ನ ನಾಳೆ ಅಲ್ಲೇ ಹೇಳ್ತೀನಿ” ಅಂದ ಅಪ್ಪ. ಆ ಒಂದು ಪ್ರಶ್ನೆಗೆ ಮಾತ್ರ ಅವನು ಈಗಲೇ ತಯಾರಾಗಿದ್ದಂತೆ ಕಂಡಿತು.

ಹಾಳೆ ತುಂಬಿತು. ಸೀಲಪ್ಪ ಫೈಲಿನಿಂದ ಲಕೋಟೆ ತೆಗೆದು, ಸಾಕ್ಷ್ಯವೆಂದು ರಿಮೋಟನ್ನು ಅದರೊಳಗೆ ಹಾಕಿ, ಜೇಬಿನಿಂದ ಪುಟ್ಟ ಸೀಲು ತೆಗೆದ. ಹೊಡೆದ. ನಮ್ಮ ಮೇಜಿನ ಮೇಲೆ ಅಪ್ಪ ಕುಡಿಯದೆ ಬಿಟ್ಟ ಕಾಫಿ ತುಳುಕಿತು. ಲಕೋಟೆಯೊಳಗೆ ಯಾವುದೋ ಬಟನ್ ಒತ್ತಿಹೋಗಿರಬೇಕು. ಮೂಲೆಯಲ್ಲಿ ನಮ್ಮ ಐದೂ ಫ್ಯಾನು ಆರಿದವು. ಮೇಲಿನ ಮನೆಯಿಂದ “ರೀ! ಪೂರ್ತಿ ಕತ್ತಲಾಯ್ತು!” ಅನ್ನುವುದು ಕೇಳಿಸಿತು.

“ಇಲ್ಲೊಂದು ಸೈನು ಹಾಕಿ ಅಣ್ಣಾ.”

ಅಪ್ಪ ಹಾಕಿದ. ಸೀಲಪ್ಪ ಬಾಗಿಲತನಕ ಹೋಗಿ ತಿರುಗಿದ.

“ನಾಳೆ ಅಲ್ಲಿ ನಿಮ್ಮನ್ನ ಅಣ್ಣಾ ಅನ್ನೋಕಾಗಲ್ಲ. ಬೇಜಾರು ಮಾಡ್ಕೋಬೇಡಿ.”

“ಇಲ್ಲಪ್ಪ. ಎಷ್ಟೊತ್ತಿಗೆ?”

“ಹತ್ತಕ್ಕೆ. ಸಾಹೇಬ್ರ ರೂಮಲ್ಲಿ. ಒಟ್ಟಿಗೇ ಹೋಗೋಣ್ವಾ ಅಣ್ಣಾ, ದಿನದ ಹಾಗೆ?”

“ಒಟ್ಟಿಗೆ ಹೋದ್ರೆ ಚೆನ್ನಾಗಿರಲ್ಲ” ಅಂದ ಅಪ್ಪ. “ನೀನು ಮುಂದೆ ಹೋಗಿ ಕೂತ್ಕೋ. ನಾನು ಹಿಂದಿಂದ ಬಂದು ನಿಂತ್ಕೋತೀನಿ. ಹತ್ತಕ್ಕೆ.”